ಹಲ್ಲು ಮೂಡುವ ಕೂಸಿಗೆ ರಾಗಿ–ನೇಂದ್ರ ಕಡ್ಡಿ

ಹೋದ ಆಷಾಢದಲ್ಲಿ ತಂಗಿ ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ತೀರ್ಥಹಳ್ಳಿಯ ಮನೆಗೆ ಬಂದಿದ್ದಳು. ಕೂಸಿನ ಅಂಗಿಯ ಕೊರಳು ಸದಾ ಜೊಲ್ಲಿನಿಂದ ಒದ್ದೆ. ತೊಟ್ಟಿಲ ಹಗ್ಗವೂ ಸೇರಿದಂತೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಕೆಳವಸಡಿನ ಮುಂದುಗಡೆ ಅಕ್ಕಿಕಾಳಿನ ತುದಿಯಷ್ಟು ಬಿಳುಪು ಕಾಣುತ್ತಿತ್ತು. "ಗಟ್ಟಿ ಏನಾದ್ರೂ ಕೊಡೇ, ಹಲ್ಲು ಬೇಗ ಬರ್ತದೆ" ಅಂದರು ಅಮ್ಮ. ನಾನು ಬೇಕರಿ ಟೋಸ್ಟ್ ಕೊಟ್ಟೆ. ಎರಡು ನಿಮಿಷ ಚೀಪಿದಳು, ಆಮೇಲೆ ಉಗುರಿನಷ್ಟು ಚೂರು ಮುರಿದು ಗಂಟಲ ಹತ್ತಿರ ಹೋಯಿತು. ಮುಖ ಕೆಂಪೇರಿ, ಕಣ್ಣಲ್ಲಿ ನೀರು ತುಂಬಿ, ಕೆಮ್ಮಿ ಕೆಮ್ಮಿ ಅಂತೂ ಹೊರಗೆ ಬಂತು. ಆ ಅರ್ಧ ನಿಮಿಷವನ್ನು ನಾನು ಮರೆಯಲಾರೆ.

ಗಟ್ಟಿ ತಿಂಡಿ ಕೊಟ್ಟರೆ ಹಲ್ಲು ಬೇಗ ಬರುವುದಿಲ್ಲ, ಅದು ತನ್ನ ಹೊತ್ತಿಗೇ ಬರುತ್ತದೆ. ಕೂಸಿಗೆ ಬೇಕಿರುವುದು ತುರಿಸುವ ವಸಡಿಗೆ ಒತ್ತಿ ಹಿಡಿಯಲು ಏನಾದರೊಂದು. ಕೈಯಲ್ಲಿ ಹಿಡಿದಾಗ ನೆಟ್ಟಗೆ ನಿಲ್ಲಬೇಕು, ಬಾಯಲ್ಲಿ ಚೂರಾಗದೆ ರಾಗಿಸರಿ ಗಂಜಿಯಂತೆ ಕರಗಬೇಕು. ಅಂಥದ್ದನ್ನು ಮನೆಯಲ್ಲೇ ಮಾಡಬಹುದು. ಆದರೆ ಕೂಸಿಗೆ ಆರು ತಿಂಗಳು ತುಂಬಿ, ಕತ್ತು ನಿಂತು, ಆಸರೆ ಕೊಟ್ಟರೆ ಕೂರುವಂತಾಗಿರಬೇಕು. ರಾಗಿ, ಬಾಳೆ ಎರಡನ್ನೂ ಮೊದಲೇ ಬೇರೆ ಬೇರೆಯಾಗಿ ತಿನ್ನಿಸಿ, ಎರಡು ಮೂರು ದಿನ ನೋಡಿ, ಒಗ್ಗಿದೆ ಎಂದು ಗೊತ್ತಾಗಿರಬೇಕು.

ಚೆನ್ನಾಗಿ ಹಣ್ಣಾಗಿ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದ ಒಂದು ನೇಂದ್ರ ಬಾಳೆ ತೆಗೆದುಕೊಳ್ಳಿ. ಪುಟ್ಟಬಾಳೆಯಲ್ಲೂ ಆಗುತ್ತದೆ, ಆದರೆ ಅದರಲ್ಲಿ ನೀರು ಹೆಚ್ಚು, ಹಿಟ್ಟು ಜಾಸ್ತಿ ಎಳೆಯುತ್ತದೆ. ನೇಂದ್ರವನ್ನು ಸಿಪ್ಪೆ ಸಮೇತ ಎರಡು ತುಂಡು ಮಾಡಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಸಿಪ್ಪೆ ಬಿಡಿಸಿ, ನಡುವಿನ ಕಪ್ಪು ನಾರು ತೆಗೆದು, ಒಂದೂ ಗಂಟಿಲ್ಲದಂತೆ ಕಿವುಚಿ.

ಇನ್ನು ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೊಳಕೆ ಬರಿಸಿದರೆ ಅದರಲ್ಲಿನ ಕಬ್ಬಿಣದ ಅಂಶ ಮೈಗೆ ಹೆಚ್ಚು ಹಿಡಿಯುತ್ತದೆ. ಬೇಸಿಗೆಯಲ್ಲಾದರೆ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಂದೇ ಬಿಸಿಲಿಗೆ ಒಣಗಿಸಬಹುದು. ನಮ್ಮ ಜಡಿಮಳೆಯಲ್ಲಿ ಅದು ಆಗದ ಮಾತು. ಮೊಳಕೆಕಾಳು ಒಣಗುವ ಮೊದಲೇ ಮುಗ್ಗಲು ವಾಸನೆ ಹಿಡಿಯುತ್ತದೆ, ಬೂಸ್ಟು ಕಟ್ಟುತ್ತದೆ. ಬೂಸ್ಟು ಹಿಡಿದದ್ದನ್ನು ತೊಳೆದು ಬಳಸಲು ಹೋಗಬೇಡಿ, ಚೆಲ್ಲಿಬಿಡಿ. ಮಳೆಗಾಲಕ್ಕೆ ಮೊಳಕೆಯ ಆಸೆ ಬಿಟ್ಟು, ಮಾಮೂಲಿ ರಾಗಿಹಿಟ್ಟನ್ನೇ ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿದುಕೊಂಡು ಜರಡಿ ಹಿಡಿಯುವುದೇ ಒಳ್ಳೆಯದು.

ಕಿವುಚಿದ ಹಣ್ಣಿಗೆ ಒಂದು ಚಮಚ ತುಪ್ಪ ಹಾಕಿ, ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಕಲಸಿ. ಅರ್ಧದಿಂದ ಮುಕ್ಕಾಲು ಕಪ್ ಹಿಡಿಯುತ್ತದೆ. ಚಪಾತಿ ಹಿಟ್ಟಿಗಿಂತ ಮೆತ್ತಗಿರಲಿ. ಉಪ್ಪು, ಸಕ್ಕರೆ, ಬೆಲ್ಲ ಯಾವುದೂ ಬೇಡ, ಹಣ್ಣಿನ ಸಿಹಿಯೇ ಸಾಕು. ದೊಡ್ಡವರ ಹೆಬ್ಬೆರಳಿನ ದಪ್ಪಕ್ಕೆ, ತೋರುಬೆರಳಿನ ಉದ್ದಕ್ಕೆ ಹೊಸೆಯಿರಿ. ಕೂಸು ಮುಷ್ಟಿ ಕಟ್ಟಿದಾಗ ಅರ್ಧ ಹೊರಗೆ ಉಳಿಯಬೇಕು. ತೀರ ಗಿಡ್ಡ ಮಾಡಿದರೆ ಇಡೀ ಕಡ್ಡಿ ಬಾಯೊಳಗೆ ಹೋಗುತ್ತದೆ. ದಪ್ಪ ತಳದ ಕಾವಲಿಯಲ್ಲಿ, ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ, ಆಗಾಗ ಹೊರಳಿಸುತ್ತಾ ಹದಿನೈದರಿಂದ ಇಪ್ಪತ್ತು ನಿಮಿಷ ಬೇಯಿಸಿ. ಮೇಲೆ ತೆಳ್ಳನೆ ಹೊರಪದರ ಕಟ್ಟಿದರೆ ಸಾಕು, ಗರಿಗರಿ ಆಗುವುದು ಬೇಡ.

ಆರಿದ ಮೇಲೆ ಮೊದಲ ಕಡ್ಡಿ ನಿಮಗೆ. ಒಂದು ತುಂಡನ್ನು ಹಲ್ಲು ತಾಗಿಸದೆ ನಾಲಗೆಯಿಂದ ಅಂಗುಳಕ್ಕೆ ಒತ್ತಿ ನೋಡಿ. ಹಿಸುಕಿ ಸರಿಯಂತಾದರೆ ಕೂಸಿಗೆ ಕೊಡಬಹುದು. ಕಟಕ್ಕೆಂದು ಮುರಿದರೆ ಆ ಸಲದ್ದು ದೊಡ್ಡವರ ಪಾಲು.

ಹಿಟ್ಟು ಕಲಸಲು ಪುರುಸೊತ್ತಿಲ್ಲದ ದಿನ ಸಿಹಿಗುಂಬಳವನ್ನೋ ಗೆಣಸನ್ನೋ ಬೆರಳುದ್ದ ಹೆಚ್ಚಿ, ಮೆತ್ತಗೆ ಬೇಯಿಸಿ, ತಣಿಸಿ ಕೊಡಿ. ಹಸಿ ಕ್ಯಾರೆಟ್, ಹಸಿ ಸೇಬು, ಗೋಡಂಬಿ ಚೂರು ಖಂಡಿತ ಬೇಡ. ನಮ್ಮ ಕಡೆ ಎಷ್ಟೋ ತೋಟದ ಮನೆಗಳಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇರುತ್ತದೆ, ಉತ್ತುತ್ತೆಯನ್ನು ಜೇನಿಗೆ ಅದ್ದಿ ಚೀಪಿಸುವ ರೂಢಿಯೂ ಇದೆ. ಪ್ರೀತಿಯಿಂದಲೇ ಮಾಡುವುದು, ಆದರೂ ಒಂದು ವರ್ಷ ತುಂಬುವವರೆಗೆ ಜೇನು ನಾಲಗೆಗೂ ಸೋಕಬಾರದು. ಎಷ್ಟೇ ಶುದ್ಧ ಜೇನಿನಲ್ಲೂ ಬೊಟುಲಿಸಂ ಎಂಬ, ನರಗಳ ಶಕ್ತಿ ಕುಂದಿಸುವ ಕಾಯಿಲೆ ತರುವ ಸೂಕ್ಷ್ಮಾಣುವಿನ ಬೀಜಕಗಳು ಇರಬಹುದು. ಮನೆಯಲ್ಲಿ ಕಾಯಿಸಿದರೆ ಅವು ಸಾಯುವುದಿಲ್ಲ, ಎಳೆಗರುಳಿಗೆ ಅವನ್ನು ತಡೆಯುವ ಶಕ್ತಿಯೂ ಇರುವುದಿಲ್ಲ.

ಕಡ್ಡಿ ಕೈಗೆ ಕೊಟ್ಟಾಗ ಕೂಸು ನೆಟ್ಟಗೆ ಕೂತಿರಬೇಕು, ನೀವು ಎದುರಿಗೇ ಇರಬೇಕು. ಮಲಗಿಸಿಕೊಂಡು, ತೊಟ್ಟಿಲಲ್ಲಿ, ಕಾರಿನಲ್ಲಿ ಬೇಡ. ಓಕರಿಸಿ ಶಬ್ದ ಮಾಡುತ್ತಾ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ನಿಂತು, ಉಸಿರಾಡಲಾಗದೆ ತುಟಿ ನೀಲಿಗಟ್ಟಿದರೆ ತಡಮಾಡದೆ ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ ಹಿಡಿದು, ಎರಡು ರೆಕ್ಕೆಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ತಟ್ಟಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಐದು ಸಲ ಒತ್ತಿ. ಹೀಗೇ ಮುಂದುವರಿಸುತ್ತಿರಿ, ಜೊತೆಗಿದ್ದವರು 108ಕ್ಕೆ ಕರೆ ಮಾಡಲಿ. ಕಾಣದ ಚೂರನ್ನು ಹುಡುಕುತ್ತಾ ಬಾಯಿಗೆ ಬೆರಳು ಹಾಕಬೇಡಿ, ಅದು ಇನ್ನೂ ಒಳಗೆ ಹೋದೀತು.

ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಸುಡುತ್ತಿದ್ದರೆ, ಭೇದಿ ಆಗುತ್ತಿದ್ದರೆ ಹಲ್ಲಿನ ಮೇಲೆ ಹಾಕಿ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ.

ಈ ಕಡ್ಡಿಯ ಒಳಗೆ ತೇವ ಇರುವುದರಿಂದ ಮಳೆಗಾಲದಲ್ಲಿ ಅಂದಂದಿಗೆ ನಾಲ್ಕು ಮಾಡಿದರೆ ಸಾಕು. ಕೂಸು ಚೀಪಿ ಬಿಟ್ಟದ್ದನ್ನು ಎತ್ತಿಡಬೇಡಿ. ಮುಟ್ಟದೆ ಉಳಿದದ್ದನ್ನು ಸಂಜೆ ಕಾಫಿಯ ಹೊತ್ತಿಗೆ ತುಪ್ಪ, ಜೋನಿಬೆಲ್ಲ ಹಚ್ಚಿಕೊಂಡು ತಿಂದರೆ ಬಲು ರುಚಿ. ನಮ್ಮನೆಯಲ್ಲಿ ಈಗ ಅಮ್ಮನಿಗೆಂದೇ ಎರಡು ಹೆಚ್ಚು ಹೊಸೆಯುತ್ತೇವೆ.