ಇಯರ್ ಒನ್‌ನ ಮೊದಲ ಟರ್ಮ್: ಇಂಗ್ಲೆಂಡಿಗೆ ಹೊಸದಾಗಿ ಬಂದ ತಂದೆತಾಯಂದಿರಿಗೆ

ಶಾಲಾ ಪ್ರವೇಶದ ಅರ್ಜಿ ನಿಮ್ಮ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನ ಜಾಲತಾಣದಲ್ಲಿಯೇ ಸಿಗುತ್ತದೆ. ವಿಳಾಸದ ದಾಖಲೆ ಮತ್ತು ಮಗುವಿನ ಜನನ ಪ್ರಮಾಣಪತ್ರವನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ, ಅಷ್ಟು ಸಾಕು. ನಾನು ಬರೆಯಹೊರಟಿರುವುದು ಸೆಪ್ಟೆಂಬರ್‌ನಿಂದ ಕ್ರಿಸ್‌ಮಸ್ ರಜೆಯವರೆಗಿನ ಟರ್ಮ್‌ನಲ್ಲಿ ಇಯರ್ ಒನ್ ತರಗತಿಯ, ಎಂದರೆ ಐದಾರು ವರ್ಷದ, ಮಕ್ಕಳು ಇಲ್ಲಿ ಏನು ಕಲಿಯುತ್ತಾರೆ, ಅದನ್ನು ತಿಳಿಯದೆ ನಾನು ಮನೆಯಲ್ಲಿ ಏನೇನು ಕೆಡಿಸಿದೆ ಎಂಬುದರ ಬಗ್ಗೆ.

ಮೊದಲ ವಾರ ಪ್ರತಿ ಸಂಜೆ ಮಗಳ ಚೀಲವನ್ನು ತಲೆಕೆಳಗು ಮಾಡಿ ನೋಡುತ್ತಿದ್ದೆ. ಪಠ್ಯಪುಸ್ತಕವಿರಲಿಲ್ಲ, ಹೋಮ್‌ವರ್ಕ್ ಇರಲಿಲ್ಲ, ಕಾಪಿ ಬರೆದ ಒಂದು ಪುಟವೂ ಇರಲಿಲ್ಲ. ತೆಳುವಾದ ಒಂದು ಕಥೆಪುಸ್ತಕ ಮತ್ತು ಮನೆಯಲ್ಲಿ ಓದಿಸಿದ್ದನ್ನು ಗುರುತು ಹಾಕುವ ರೀಡಿಂಗ್ ರೆಕಾರ್ಡ್ ಮಾತ್ರ ಇರುತ್ತಿದ್ದವು. ಏನು ಕಲಿತೆ ಎಂದು ಕೇಳಿದರೆ ಆಟ ಆಡಿದೆ ಎನ್ನುತ್ತಿದ್ದಳು. ಅದೇ ಹೊತ್ತಿಗೆ ಊರಿನಲ್ಲಿ ಅಣ್ಣನ ಮಗ ಯುಕೆಜಿಯಲ್ಲಿಯೇ ಡಿಕ್ಟೇಷನ್ ಬರೆಯುತ್ತಿದ್ದಾನೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬಂದು ನನ್ನ ನಿದ್ದೆಗೆಡಿಸಿತು. ಶಾಲೆ ಕಲಿಸದಿದ್ದರೆ ನಾನೇ ಕಲಿಸುತ್ತೇನೆಂದು ಹೊರಟೆ. ಮುಂದಿನ ಅನಾಹುತಗಳೆಲ್ಲ ಆ ಹಟದಿಂದಲೇ ಹುಟ್ಟಿದವು.

ಇಲ್ಲಿ ಓದು ಆರಂಭವಾಗುವುದು ಫೋನಿಕ್ಸ್‌ನಿಂದ, ಎಂದರೆ ಅಕ್ಷರದ ಹೆಸರಿಗಿಂತ ಮೊದಲು ಅದರ ಧ್ವನಿಯಿಂದ. ಅನೇಕ ಶಾಲೆಗಳು ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳನ್ನು ಮೊದಲು ಹಿಡಿಯುತ್ತವೆ, ಏಕೆಂದರೆ ಅವಿಷ್ಟರಿಂದಲೇ ಎಷ್ಟೋ ಪುಟ್ಟ ಪದಗಳನ್ನು ಕೂಡಿಸಿ ಓದಬಹುದು. ಇಯರ್ ಒನ್‌ನಲ್ಲಿ ಒಂದೇ ಧ್ವನಿಯನ್ನು ಬರೆಯುವ ಹಲವು ರೀತಿಗಳು ಬರುತ್ತವೆ: ರೈನ್, ಪ್ಲೇ, ಕೇಕ್ ಮೂರರಲ್ಲಿಯೂ ಧ್ವನಿ ಒಂದೇ, ಬರೆಯುವ ಬಗೆ ಬೇರೆ. ಇದಾವುದೂ ತಿಳಿಯದ ನಾನು, ನಮ್ಮ ಕಾಲದಂತೆ ‘ಸಿ ಎ ಟಿ ಕ್ಯಾಟ್’ ಎಂದು ಗಿಣಿಪಾಠ ಮಾಡಿಸಿದೆ. ಧ್ವನಿಗಳನ್ನೇ ಹೇಳಿಸಬೇಕೆಂದು ಗೊತ್ತಾದ ಮೇಲೂ ನಮ್ಮ ನಾಲಿಗೆ ಬಿಡಲಿಲ್ಲ. ಕನ್ನಡದ ವ್ಯಂಜನದ ಒಡಲಿನಲ್ಲಿ ಅಕಾರ ಕುಳಿತಿರುತ್ತದೆಯಲ್ಲವೇ, ಹಾಗಾಗಿ ಎಂ ಎಂಬುದು ನನ್ನ ಬಾಯಲ್ಲಿ ‘ಮ’, ಟಿ ಎಂಬುದು ‘ಟ’. ಶಾಲೆಗೆ ಬೇಕಾದದ್ದು ‘ಮ್’ ಮತ್ತು ‘ಟ್’ ಎಂಬ ಅರ್ಧಾಕ್ಷರಗಳು. ನಾನು ಹೇಳಿಕೊಟ್ಟ ಧ್ವನಿಗಳನ್ನು ನಂಬಿಕೆಯಿಂದ ಕೂಡಿಸಿದ ಮಗಳು ‘ಮ್ಯಾಟ್’ ಎನ್ನುವ ಬದಲು ‘ಮಾಟ’ ಎಂದಳು. ಇದು ನಿಜವಾಗಿಯೂ ಯಾರೋ ಮಾಡಿಸಿದ ಮಾಟವೇ ಎಂದು ಹೆಂಡತಿ ನಕ್ಕಳು.

ಇಯರ್ ಒನ್‌ನ ಕೊನೆಯಲ್ಲಿ, ಜೂನ್ ತಿಂಗಳಿನಲ್ಲಿ, ಇದರದೇ ಒಂದು ಪರೀಕ್ಷೆಯಿದೆ. ಮಗು 40 ಪದಗಳನ್ನು ಓದಬೇಕು; ಅವುಗಳಲ್ಲಿ 20 ಪದಗಳಿಗೆ ಅರ್ಥವೇ ಇರುವುದಿಲ್ಲ. ಕಂಠಪಾಠ ಮಾಡಿದ್ದನ್ನು ಒಪ್ಪಿಸದೆ, ಧ್ವನಿಗಳನ್ನು ಕೂಡಿಸಿ ಓದಲು ಬರುತ್ತದೆಯೇ ಎಂದು ತಿಳಿಯುವ ಉಪಾಯವದು. ಅಭ್ಯಾಸಕ್ಕೆಂದು ಶಾಲೆಯಿಂದ ಬಂದ ಹಾಳೆಯನ್ನು ಕಂಡು ನಾನು ಕೆರಳಿದೆ; ಅಷ್ಟೊಂದು ಮುದ್ರಣದೋಷಗಳಿರುವ ಹಾಳೆಯನ್ನು ಮಕ್ಕಳಿಗೆ ಕೊಡುವುದೇ ಎಂದು ಕೆಂಪು ಪೆನ್ನಿನಿಂದ ಒಂದೊಂದನ್ನೂ ತಿದ್ದಿ ವಾಪಸು ಕಳುಹಿಸಿದೆ. ಮರುದಿನ ಟೀಚರ್ ಬಹಳ ವಿನಯದಿಂದ ಒಂದು ಚೀಟಿ ಬರೆದಿದ್ದರು. ಆ ವಿನಯವನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

ಗಣಿತದಲ್ಲಿ ನನ್ನ ಮಾನ ಎಲ್ಲರೆದುರು ಹೋಯಿತು. ಈ ವಯಸ್ಸಿನಲ್ಲಿ ಇವರು 20ರವರೆಗಿನ ಸಂಖ್ಯೆಗಳನ್ನು ಒಡೆದು ಕೂಡಿಸುವುದನ್ನು ಅಭ್ಯಾಸ ಮಾಡಿಸುತ್ತಾರೆ: ಎಂಟಕ್ಕೆ ಐದನ್ನು ಕೂಡಿಸಬೇಕಾದರೆ ಐದರಿಂದ ಎರಡನ್ನು ತೆಗೆದು ಎಂಟನ್ನು ಹತ್ತು ಮಾಡು, ಉಳಿದ ಮೂರನ್ನು ಸೇರಿಸು. ಒಂದರ ಕೆಳಗೊಂದು ಬರೆದು ಕೂಡುವ ಕ್ರಮ ಪಠ್ಯಕ್ರಮದಲ್ಲಿ ಬರುವುದೇ ಇಯರ್ ತ್ರೀಯಲ್ಲಿ. ನಾನಾದರೋ ಅಕ್ಟೋಬರ್‌ನಲ್ಲಿಯೇ ‘ಮೂರು ಬರೆ, ಕೈಯಲ್ಲಿ ಒಂದು’ ಎಂದು ಶುರುಮಾಡಿದ್ದೆ. ಪೇರೆಂಟ್ಸ್ ಈವ್ನಿಂಗ್‌ನ ಹತ್ತು ನಿಮಿಷದಲ್ಲಿ ಟೀಚರ್ ಹೇಳಿದರು: 18ಕ್ಕೆ 5 ಕೂಡಿಸಿದರೆ 23 ಎಂದು ನಿಮ್ಮ ಮಗಳು ಬರೆದಳು, ಆದರೆ ಆ ಒಂದು ಎಲ್ಲಿಂದ ಬಂತು ಎಂದು ಕೇಳಿದರೆ ಅದು ಅಪ್ಪನ ಕೈಯಲ್ಲಿದೆ ಎಂದಳು. ನನ್ನ ಮಾತು ಕೇಳುವುದಾದರೆ, ಮಗ್ಗಿಯನ್ನು ಮಾತ್ರ ಬಿಡಬೇಡಿ, ತಡಮಾಡಿದರೂ ಪರವಾಗಿಲ್ಲ. ಇಯರ್ ಟೂನಲ್ಲಿ ಎರಡು, ಐದು, ಹತ್ತರ ಮಗ್ಗಿಗಳಷ್ಟೇ ಇದ್ದರೂ ಇಯರ್ ಫೋರ್‌ನಲ್ಲಿ ಹನ್ನೆರಡರವರೆಗಿನ ಮಗ್ಗಿಯ ಮೇಲೆ 25 ಪ್ರಶ್ನೆಗಳಿರುತ್ತವೆ, ಒಂದೊಂದಕ್ಕೂ ಆರೇ ಸೆಕೆಂಡು.

ವಿಜ್ಞಾನದಲ್ಲಿ ಋತುಗಳು, ದೇಹದ ಅಂಗಗಳು, ಮರ, ಗಾಜು, ಲೋಹದಂಥ ವಸ್ತುಗಳು. ಭೂಗೋಳದಲ್ಲಿ ಯುಕೆ ಎಂಬ ಈ ಒಕ್ಕೂಟದ ನಾಲ್ಕು ದೇಶಗಳು ಮತ್ತು ಅವುಗಳ ರಾಜಧಾನಿಗಳು. ಕೋಟಿನ ಜೇಬಿನಲ್ಲಿ ಒಣಗಿದ ಎಲೆಗಳು ಸಿಕ್ಕರೆ ಕಸವೆಂದು ಎಸೆಯಬೇಡಿ, ಅದು ವಿಜ್ಞಾನದ ಪಾಠವಾಗಿರಬಹುದು. ನಾನು ಎಸೆದು ಮಗಳನ್ನು ಅಳಿಸಿದ್ದೇನೆ. ಧರ್ಮಗಳ ಪರಿಚಯದ ತರಗತಿಯಲ್ಲಿ ದೀಪಾವಳಿ ಬಂದಾಗ ಕಾಗದದ ಹಣತೆ ಹಿಡಿದು ಬಂದ ಮಗಳು, ಇದು ರಾಮ ಸೀತೆಯರು ಊರಿಗೆ ಮರಳಿದ ಹಬ್ಬವೆಂದಳು. ನಮ್ಮ ಕಡೆ ನೀರು ತುಂಬುವುದು, ಎಣ್ಣೆಸ್ನಾನ, ಬಲಿಪಾಡ್ಯಮಿ ಎಂದು ನಾನು ಆರಂಭಿಸಿದರೆ, ಮಿಸ್ ಹಾಗೆ ಹೇಳಲಿಲ್ಲ ಎಂದು ನನ್ನನ್ನೇ ತಿದ್ದಿದಳು. ನನ್ನ ಹಬ್ಬದ ಬಗ್ಗೆ ನನಗಿಂತ ಮಿಸ್ ಮಾತಿಗೆ ತೂಕ ಬಂದ ದಿನವದು.

ಆದರೆ ತಿದ್ದಿಕೊಳ್ಳಲಾಗದ ತಪ್ಪು ಬೇರೆಯಿದೆ. ಎರಡು ಭಾಷೆಗಳಿಂದ ಮಗುವಿಗೆ ಗೊಂದಲವಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಆ ಟರ್ಮ್‌ನಲ್ಲಿ ನಾವು ಮನೆಯಲ್ಲಿ ಕನ್ನಡ ನಿಲ್ಲಿಸಿದೆವು. ಶಾಲೆ ಅದನ್ನು ಕೇಳಿಯೇ ಇರಲಿಲ್ಲ. ಇಲ್ಲಿ ಇತಿಹಾಸವನ್ನು ರಾಜರಿಂದ ಆರಂಭಿಸದೆ ಬದುಕಿರುವವರ ನೆನಪಿನಿಂದ ಆರಂಭಿಸುತ್ತಾರೆ. ಡಿಸೆಂಬರ್‌ನಲ್ಲಿ, ಅಜ್ಜ ಅಜ್ಜಿಯರು ಯಾವ ಆಟಿಕೆಗಳಿಂದ ಆಡುತ್ತಿದ್ದರೆಂದು ಕೇಳಿ ಬರೆಯಿರಿ ಎಂದು ಹೋಮ್‌ವರ್ಕ್ ಬಂತು. ಊರಿಗೆ ಫೋನ್ ಮಾಡಿದೆವು. ಅಮ್ಮ ಅಳಿಗುಳಿಮಣೆ, ಹುಣಸೆಬೀಜ, ಮಳೆಗಾಲದ ಜಗುಲಿ ಎಂದು ಇಪ್ಪತ್ತು ನಿಮಿಷ ಹೇಳಿದರು. ಮಗಳು ನನ್ನ ಮುಖ ನೋಡುತ್ತಿದ್ದಳು, ನಾನು ನಡುವೆ ಕುಳಿತು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಕೊನೆಗೆ ಅವಳು ಬರೆದದ್ದು ಒಂದೇ ವಾಕ್ಯ, ನನ್ನ ಅಜ್ಜಿ ಬೀಜಗಳಿಂದ ಆಡುತ್ತಿದ್ದರು ಎಂದು. ಮೊದಲ ಅಕ್ಷರ ದೊಡ್ಡದು, ಪದಪದದ ನಡುವೆ ಒಂದು ಬೆರಳಿನಷ್ಟು ಜಾಗ, ಕೊನೆಯಲ್ಲಿ ಪೂರ್ಣವಿರಾಮ. ಆ ಟರ್ಮ್‌ನ ಬರವಣಿಗೆಯ ಪಾಠವೆಲ್ಲ ಅದರಲ್ಲಿತ್ತು. ಬೀಜದ ಸ್ಪೆಲ್ಲಿಂಗ್ ತಪ್ಪಿತ್ತು, ಧ್ವನಿ ಸರಿಯಿತ್ತು. ನಾನು ಪೆನ್ನು ಮುಟ್ಟಲಿಲ್ಲ. ಹಾಳೆಯ ಫೋಟೊ ತೆಗೆದು ಅಮ್ಮನಿಗೆ ಕಳುಹಿಸಿದೆ. ಇಂಗ್ಲಿಷ್ ಬಾರದ ಅಮ್ಮ, ಮಗು ಏನು ಬರೆದಿದೆಯೋ ಓದಿ ಹೇಳು ಎಂದರು.