ಓದುವ ಧ್ವನಿಯನ್ನು ನಾನು ಆರಿಸಿಕೊಂಡ ಬಗೆ

ಪರವಾನಗಿ ಎಂದರೆ ಏನೆಂದು ನನಗೆ ಸರಿಯಾಗಿ ಅರ್ಥವಾದದ್ದು ಹಾರ್ಡ್ ಡಿಸ್ಕ್ ಕೆಟ್ಟಾಗ. ಹೊಸ ಡಿಸ್ಕ್ ಹಾಕಿಸಿ, ವಿಂಡೋಸ್ ಸ್ಥಾಪಿಸಿ, ಪರದೆಯ ಮೇಲಿರುವುದನ್ನು ನನಗೆ ಓದಿಹೇಳಲು ದುಡ್ಡು ಕೊಟ್ಟು ಕೊಂಡಿದ್ದ ಕಂಪ್ಯೂಟರ್ ಧ್ವನಿಗೆ ಅದರ ಪರವಾನಗಿಯ ಸಂಕೇತಸಂಖ್ಯೆಯನ್ನು ತುಂಬಿದೆ. ಬಳಸಬಹುದಾದ ಯಂತ್ರಗಳ ಮಿತಿ ಮುಗಿದಿದೆ ಎಂಬ ಉತ್ತರ ಬಂತು. ಹಳೆಯ ಡಿಸ್ಕಿನಲ್ಲಿ ಅದನ್ನು ನಿಷ್ಕ್ರಿಯಗೊಳಿಸಿರಲಿಲ್ಲವಾದ್ದರಿಂದ ಧ್ವನಿ ಮಾರಿದವರ ಲೆಕ್ಕದಲ್ಲಿ ಸತ್ತ ಡಿಸ್ಕ್ ಇನ್ನೂ ಬದುಕಿತ್ತು. ಪತ್ರ ಬರೆದು ಮೂರು ದಿನ ಕಾದೆ. ಕಣ್ಣು ಕಾಣದವರಿಗೆ ಧ್ವನಿ ನಿಂತರೆ ಇಡೀ ಕಂಪ್ಯೂಟರ್ ನಿಂತಂತೆ.

ಆ ಮೂರು ದಿನ ನನ್ನ ಕೆಲಸ ನಡೆಸಿದ್ದು ಈಸ್ಪೀಕ್ ಎನ್‌ಜಿ ಎಂಬ ಧ್ವನಿ ಎಂಜಿನ್, ಅಂದರೆ ಪಠ್ಯವನ್ನು ಮಾತಾಗಿಸುವ ತಂತ್ರಾಂಶ. ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶದ ಜೊತೆಗೇ ಅದು ಬರುತ್ತದೆ. ಅಲ್ಲಿಯವರೆಗೆ ಅದರ ಒರಟು ದನಿಯನ್ನು ಕೇಳಿದ ಕೂಡಲೇ ಬದಲಾಯಿಸುತ್ತಿದ್ದೆ. ಈಗ ಬೇರೆ ದಾರಿಯಿರಲಿಲ್ಲ. ಮೊದಲ ದಿನ ತಲೆ ನೋಯಿತು. ಎರಡನೆಯ ದಿನ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಹೋದೆ. ಪದಗಳು ಒಂದಕ್ಕೊಂದು ಅಂಟಲಿಲ್ಲ. ಇದಕ್ಕೆ ಕಾರಣವಿದೆ. ಮನುಷ್ಯರ ದನಿಯ ತುಣುಕುಗಳನ್ನು ಜೋಡಿಸುವ ಬದಲು ಅದು ಬಹುಮಟ್ಟಿಗೆ ಲೆಕ್ಕಾಚಾರದಿಂದಲೇ ಧ್ವನಿಯನ್ನು ಹುಟ್ಟಿಸುತ್ತದೆ. ಅದರಿಂದಲೇ ಗಾತ್ರ ಕೆಲವೇ ಮೆಗಾಬೈಟ್, ನಿಮಿಷಕ್ಕೆ 400 ಪದ ದಾಟಿದರೂ ಉಚ್ಚಾರ ಬಿಡಿಬಿಡಿಯಾಗಿ ಕೇಳಿಸುತ್ತದೆ. ನೂರಕ್ಕೂ ಹೆಚ್ಚು ಭಾಷೆಗಳನ್ನು ಓದುತ್ತದೆ, ಕನ್ನಡವೂ ಅದರಲ್ಲಿದೆ.

ಅಂದಿನಿಂದ ಯಾವ ಧ್ವನಿಯನ್ನೇ ಆಗಲಿ ನಾನು ಕಥೆ ಓದಿಸಿ ಪರೀಕ್ಷಿಸುವುದಿಲ್ಲ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಧ್ವನಿ ಎಂಜಿನ್ ಆರಿಸುವ ಪಟ್ಟಿ ತೆರೆದುಕೊಳ್ಳುತ್ತದೆ. ಎಂಜಿನ್ ಬದಲಿಸಿ, ಕಡತಗಳು ತುಂಬಿದ ಫೋಲ್ಡರಿನಲ್ಲಿ ಕೆಳಬಾಣವನ್ನು ಬಿಡದೆ ಒತ್ತುತ್ತೇನೆ. ಒಳ್ಳೆಯ ಎಂಜಿನ್ ಪ್ರತಿ ಒತ್ತಿಗೂ ಹಿಂದಿನ ಹೆಸರನ್ನು ಅಲ್ಲಿಗೇ ಕತ್ತರಿಸಿ ಮುಂದಿನದನ್ನು ಶುರುಮಾಡುತ್ತದೆ. ನಿಧಾನದ್ದು ಬೆರಳಿನ ಹಿಂದೆ ಏದುಸಿರು ಬಿಡುತ್ತಾ ಬರುತ್ತದೆ. ಕೇಳಲು ಎಷ್ಟೇ ಇಂಪಾಗಿರಲಿ, ಅಂಥದ್ದು ದಿನದ ಕೆಲಸಕ್ಕೆ ಒದಗುವುದಿಲ್ಲ.

ವಿಂಡೋಸ್ 10ರಿಂದ ಈಚೆಗೆ ಬರುವ ಒನ್‌ಕೋರ್ ಧ್ವನಿಗಳಿಗೆ ಬೇರೆ ಹಣ ಕೊಡಬೇಕಾಗಿಲ್ಲ, ಎನ್‌ವಿಡಿಎ ಅವನ್ನೂ ಬಳಸುತ್ತದೆ. ಜಾಸ್ ಎಂಬ ಇನ್ನೊಂದು ಪರದೆ ಓದುವ ತಂತ್ರಾಂಶದ ಜೊತೆಗೆ ಬರುವ ಎಲೋಕ್ವೆನ್ಸ್ ಧ್ವನಿಗೆ ಹಳೆಯ ಬಳಕೆದಾರರು ಈಗಲೂ ಜೀವ ಬಿಡುತ್ತಾರೆ. ಚುರುಕುತನದಲ್ಲಿ ಅದು ನಿಜಕ್ಕೂ ದೊಡ್ಡದು. ಪರವಾನಗಿಯಿಲ್ಲದ ಜಾಸ್ 40 ನಿಮಿಷ ನಡೆಯುತ್ತದೆ, ಆಮೇಲೆ ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. ಪ್ರಯೋಗಕ್ಕೆ ಅಷ್ಟು ಸಾಕು.

ಎನ್‌ವಿಡಿಎ ಮತ್ತು ಈಸ್ಪೀಕ್ ಎರಡೂ ಜಿಪಿಎಲ್ ಎಂಬ, ಯಾರು ಬೇಕಾದರೂ ಬಳಸಿ ನಕಲಿಸಿ ಹಂಚಲು ಬಿಡುವ ಪರವಾನಗಿಯಲ್ಲಿವೆ. ಸಂಕೇತಸಂಖ್ಯೆಯ ಗೋಜಿಲ್ಲ, ಎಷ್ಟು ಯಂತ್ರ ಎಂಬ ಲೆಕ್ಕವಿಲ್ಲ. ಪೆನ್ ಡ್ರೈವಿಗೆ ಒಂದು ಪ್ರತಿ ಹಾಕಿಕೊಂಡರೆ, ಅನುಮತಿ ಸಿಕ್ಕಿದ ಯಾವುದೇ ವಿಂಡೋಸ್ ಕಂಪ್ಯೂಟರಿನಲ್ಲಿ ಸ್ಥಾಪಿಸದೆಯೇ ಓಡಿಸಬಹುದು.

ಇನ್ನೊಂದು ತಪ್ಪನ್ನೂ ಹೇಳಬೇಕು. ಗೆಳೆಯರಿಗಾಗಿ ಪಾಠದ ಟಿಪ್ಪಣಿಗಳನ್ನು ಕೊಂಡ ಧ್ವನಿಯಲ್ಲಿ ಓದಿಸಿ, ಆಡಿಯೊ ಕಡತಗಳನ್ನಾಗಿ ಮಾಡಿ ಹಂಚಲು ಹೊರಟಿದ್ದೆ. ಹನ್ನೆರಡು ಕಡತ ಸಿದ್ಧವಾದ ಮೇಲೆ ಒಪ್ಪಂದವನ್ನು ಮೊದಲಿನಿಂದ ಓದಿಸಿಕೊಂಡೆ. ವೈಯಕ್ತಿಕ ಬಳಕೆಗೆ ಮಾತ್ರ, ಧ್ವನಿಮುದ್ರಿಸಿ ಹಂಚುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಎಲ್ಲವನ್ನೂ ಅಳಿಸಿ ಈಸ್ಪೀಕಿನಲ್ಲಿ ಮತ್ತೆ ಮಾಡಿದೆ. ಕೇಳುವ ಹಕ್ಕು ಬೇರೆ, ಹಂಚುವ ಹಕ್ಕು ಬೇರೆ. ಹಣ ಕೊಡುವ ಮೊದಲು ಈಗ ಮಾರುವವರನ್ನು ಕೇಳುತ್ತೇನೆ: ಎಷ್ಟು ಯಂತ್ರಗಳಲ್ಲಿ ನಡೆಯುತ್ತದೆ, ಯಂತ್ರ ಕೆಟ್ಟರೆ ಏನು ಗತಿ, ಧ್ವನಿಮುದ್ರಿಸಿ ಹಂಚಬಹುದೇ, ಒಂದೇ ತಂತ್ರಾಂಶಕ್ಕೆ ಕಟ್ಟಿಹಾಕಿದ ಧ್ವನಿಯೇ. ಉತ್ತರವನ್ನು ಬರವಣಿಗೆಯಲ್ಲೇ ಕೇಳಿ ಇಟ್ಟುಕೊಳ್ಳುತ್ತೇನೆ.

ಕೊಂಡ ಧ್ವನಿಯನ್ನು ನಾನು ಬಿಟ್ಟಿಲ್ಲ. ರಾತ್ರಿ ಕಾದಂಬರಿ ಕೇಳಲು ಅದೇ ಬೇಕು, ಹಗಲಿಡೀ ಈಸ್ಪೀಕ್. ಪೆನ್ ಡ್ರೈವಿನಲ್ಲಿ ಎನ್‌ವಿಡಿಎ ಪಕ್ಕದಲ್ಲೇ ಒಂದು ಪಠ್ಯ ಕಡತವಿದೆ, ಸಂಕೇತಸಂಖ್ಯೆ ಇರುವುದು ಅದರಲ್ಲಿ. ಮೊದಲ ಸಾಲು: "ಡಿಸ್ಕ್ ಬದಲಿಸುವ ಮುನ್ನ ನಿಷ್ಕ್ರಿಯಗೊಳಿಸು."