ಆನೆ ಸೆಟ್ಟಿನ ಹಕ್ಕು ಮಾರದೆ ರಾಯಧನ (ರಾಯಲ್ಟಿ) ಪಡೆದದ್ದು: ನನ್ನ ಅನುಭವ

'ಚನ್ನಪಟ್ಟಣದ ಗೊಂಬೆಗೆ ಜಿಐ ಇದೆಯಲ್ಲ, ಮತ್ತೆ ನಿನ್ನದೇನು ಬೇರೆ ಡಿಸೈನ್ ರಿಜಿಸ್ಟ್ರೇಶನ್' ಅಂತ ಕೇಳದವರಿಲ್ಲ. ಜಿಐ ಅಂದರೆ ಭೌಗೋಳಿಕ ಗುರುತು, ಅದು ಕಾಯುವುದು ಊರಿನ ಹೆಸರನ್ನು. ನಾನು ಮರ ಕಡೆಯುವ ಲೇತಿನಲ್ಲಿ ಹುಟ್ಟಿದ ಆಕಾರವನ್ನಲ್ಲ. ನನ್ನ ತಿರುಗುವ ಬಾತುಕೋಳಿ ಬೆಂಗಳೂರಿನ ಮೇಳದಲ್ಲಿ ಚೆನ್ನಾಗಿ ಹೋಯಿತು. ಮುಂದಿನ ಸೀಸನ್ನಿಗೆ ಅದೇ ಬಾತು ಕೆಮಿಕಲ್ ಬಣ್ಣ ಬಳಿದುಕೊಂಡು ಅರ್ಧ ಬೆಲೆಗೆ ಬಂತು. ಒಂದೂವರೆ ಲಕ್ಷದಷ್ಟು ಆರ್ಡರ್ ಕೈತಪ್ಪಿತು. ಒಮ್ಮೆ ಮೇಳದಲ್ಲಿ ಕಂಡ ವಿನ್ಯಾಸ ಡಿಸೈನ್ ಕಾನೂನಿಗೆ ಸಾಮಾನ್ಯವಾಗಿ ಹೊಸದಲ್ಲ, ಹಾಗಾಗಿ ಬಾತಿಗೆ ನೋಂದಣಿಯೂ ಇಲ್ಲ.

ಒಂದರ ಮೇಲೊಂದು ಪೇರಿಸುವ ಆನೆ ಸೆಟ್ಟನ್ನು ಯಾರಿಗೂ ತೋರಿಸದೆ ಮೊದಲು ಡಿಸೈನ್ ನೋಂದಣಿಗೆ ಅರ್ಜಿ ಹಾಕಿದೆ. ಫೀಸು ಸಾವಿರ ರೂಪಾಯಿ. ಕೋಲ್ಕತ್ತಾದ ಡಿಸೈನ್ ಕಚೇರಿಯಿಂದ ಆಕ್ಷೇಪಣೆ ಬಂತು: ಮೇಲಿನ ಚಿತ್ರಕ್ಕೂ ಪಕ್ಕದ ಚಿತ್ರಕ್ಕೂ ಸೊಂಡಿಲಿನ ಅರಗಿನ ಪಟ್ಟಿ ತಾಳೆಯಾಗುತ್ತಿಲ್ಲ. ಕೈಯಲ್ಲಿ ಹಾಕಿದ ಪಟ್ಟಿ, ಎರಡು ಆನೆಯಲ್ಲಿ ಒಂದೇ ಥರ ಬರುವುದೆಲ್ಲಿ? ಬಿಳಿ ಬಟ್ಟೆ ಹಾಸಿ, ಕ್ಯಾಮೆರಾ ಅಲುಗಿಸದೆ ಒಂದೇ ಆನೆಯನ್ನು ತಿರುಗಿಸಿ ತಿರುಗಿಸಿ ಫೋಟೋ ತೆಗೆದು ಕಳಿಸಿದೆ, ಪಾಸಾಯಿತು. ಹಕ್ಕು ಹತ್ತು ವರ್ಷ, ಬೇಕಾದರೆ ಇನ್ನೈದು. ಊರಿನ ಹೆಸರಿಗೆ ಟ್ರೇಡ್‌ಮಾರ್ಕ್ ಕೇಳಿದಾಗ, ಬರೀ ಸ್ಥಳದ ಹೆಸರನ್ನು ತಡೆಯುವ ಸೆಕ್ಷನ್ 9 ಅಡ್ಡ ಬಂದು ಫೀಸಿನ 4,500 ರೂಪಾಯಿ ಹೋಯಿತು. ಅಜ್ಜಿಯ ಹೆಸರನ್ನೇ ಬ್ರಾಂಡ್ ಮಾಡಿ ಮತ್ತೆ ಹಾಕಿದೆ, ಆಟಿಕೆಗಳ 28ನೇ ಕ್ಲಾಸಿನಲ್ಲಿ ಸಿಕ್ಕಿತು.

ಬೆಂಗಳೂರಿನ ಒಂದು ಕಂಪನಿ ಎಂಬತ್ತು ಸಾವಿರಕ್ಕೆ ಡಿಸೈನ್ ಪೂರ್ತಿ ಕೇಳಿತು. ಮನೆಯವರೆಲ್ಲ ಕೊಟ್ಟುಬಿಡು ಅಂದರು. ನಾನು ಒಪ್ಪಲಿಲ್ಲ. ಹಕ್ಕು ನನ್ನಲ್ಲೇ ಇಟ್ಟುಕೊಂಡು ಬಳಸಲು ಮಾತ್ರ ಕೊಟ್ಟೆ: ಮೂರು ವರ್ಷದ ಲೈಸೆನ್ಸ್, ಆನ್‌ಲೈನ್ ಮಾರಾಟಕ್ಕೆ ಮಾತ್ರ, ಬಿಲ್ಲಿನ ಮೇಲೆ ಶೇ. 6 ರಾಯಧನ, ಎಷ್ಟೇ ಮಾರಲಿ ವರ್ಷಕ್ಕೆ ಒಂದು ಲಕ್ಷಕ್ಕೆ ಕಡಿಮೆ ಇಲ್ಲ. ಕರಾರು ಬರೆದರೆ ಸಾಲದು, ಆರು ತಿಂಗಳೊಳಗೆ ಡಿಸೈನ್ ಕಚೇರಿಯಲ್ಲಿ ನೋಂದಣಿಗೆ ಹಾಕದಿದ್ದರೆ ಸಿಂಧುವಲ್ಲ. ಕಳೆದ ವರ್ಷ ರಾಯಧನವೇ ಎರಡು ಲಕ್ಷ ದಾಟಿತು. ನಮ್ಮ ಸಾಲಿನಲ್ಲಿ ಇದನ್ನು ಮಾಡಿದ ಬೇರೆಯವರನ್ನು ನಾನು ಕಂಡಿಲ್ಲ.

ಬಣ್ಣ ಮಾತ್ರ ಕರಾರಿಗೆ ಸೇರಿಸಿಲ್ಲ. ಅರಿಸಿನದ ಹಳದಿ ಬಿಸಿಲಿಗೆ ಬೇಗ ಮಾಸುತ್ತದೆ. ಅರಗಿಗೆ ಏನು, ಯಾವ ಹದದಲ್ಲಿ ಬೆರೆಸಿದರೆ ನಿಲ್ಲುತ್ತದೆ ಎಂಬುದು ಬಹಳ ಮರ ಸುಟ್ಟ ಮೇಲೆ ಸಿಕ್ಕಿದ್ದು, ಅದನ್ನಿಲ್ಲಿ ಬರೆಯುವುದಿಲ್ಲ. ಪೇಟೆಂಟ್ ಕೇಳಿದರೆ ವಿಧಾನ ಬಹಿರಂಗ ಮಾಡಬೇಕು, ಅದಕ್ಕೇ ಗುಟ್ಟಾಗಿಟ್ಟೆ. ನಡುವೆ ಅಸಲಿ ಗುರುತಿಗೆಂದು ಹಾಲೊಗ್ರಾಂ ಸ್ಟಿಕ್ಕರಿಗೂ ಏಳೆಂಟು ಸಾವಿರ ಸುರಿದೆ. ತಾಳೆಗರಿಯಲ್ಲಿ ಉಜ್ಜಿದ ನುಣುಪಿನ ಮೇಲೆ ಯಾವ ಅಂಟೂ ಹಿಡಿಯಲಿಲ್ಲ.

ಈಚೆಗೆ ಆನೆಯ ನಕಲು ಒಂದು ಆನ್‌ಲೈನ್ ಅಂಗಡಿಯಲ್ಲಿ ಕಂಡಿತು. ಸರ್ಟಿಫಿಕೇಟ್ ಲಗತ್ತಿಸಿ ದೂರು ಕೊಟ್ಟೆ, ವಾರದೊಳಗೆ ತೆಗೆದರು. ಈಗ ಪಕ್ಕದ ಲೇತಿನವರ ಎತ್ತಿನಗಾಡಿಗೆ ಅರ್ಜಿ ತುಂಬಿಸುತ್ತಿದ್ದೇನೆ, ದಸರಾ ಮಾರಾಟಕ್ಕೆ ಮೊದಲೇ.